ಫ್ಲೋ ಸೈಟೋಮೆಟ್ರಿಯ ಚಿತ್ರಗಳು: ಒಂದು ವಿಮರ್ಶೆ

ಪ್ರಾಚೀನ ಗ್ರಂಥವನ್ನು ಪರಿಷ್ಕರಿಸುವ ಸಂಪಾದಕನು ತಾನು ಅಂಗೀಕರಿಸಿದ ಪಾಠವನ್ನು ಮೇಲೆ ಮುದ್ರಿಸಿ, ತ್ಯಜಿಸಿದ ಪಾಠಗಳನ್ನು ಪುಟದ ಅಡಿಯಲ್ಲಿ ಕೊಡುವುದು ಸಂಪ್ರದಾಯ. ಆತನ ನಿರ್ಣಯವನ್ನು ಒಪ್ಪದ ವಿದ್ವಾಂಸನಿಗೂ ವಿಚಾರಕ್ಕೆ ಅವಕಾಶವಿರಲೆಂಬುದೇ ಇದರ ಉದ್ದೇಶ. ಜೀವವಿಜ್ಞಾನದ ಪ್ರಬಂಧಗಳಲ್ಲಿಯೂ ಇಂತಹ ಪಾಠನಿರ್ಣಯವನ್ನೇ ಅವಲಂಬಿಸಿದ ಒಂದು ಬಗೆಯ ಚಿತ್ರವುಂಟು. ಅಲ್ಲಿ ಅಡಿಟಿಪ್ಪಣಿಯು ಅನೇಕ ವೇಳೆ ಲುಪ್ತವಾಗಿರುತ್ತದೆ. ಫ್ಲೋ ಸೈಟೋಮೆಟ್ರಿ ಎಂಬ ವಿಧಾನದಿಂದ ದೊರೆತ ಚಿತ್ರವೇ ಅದು.

ಈ ವಿಧಾನದಲ್ಲಿ ಜೀವಕೋಶಗಳು ಸೂಕ್ಷ್ಮವಾದ ದ್ರವಧಾರೆಯಲ್ಲಿ ಒಂದರ ಹಿಂದೊಂದು ಸಾಗುತ್ತ ಲೇಸರ್ ಕಿರಣವನ್ನು ಹಾದುಹೋಗುತ್ತವೆ. ಚದರಿದ ಬೆಳಕು ಕೋಶದ ಗಾತ್ರವನ್ನೂ ಒಳಗಣ ರಚನೆಯನ್ನೂ ಸೂಚಿಸುತ್ತದೆ. ಪ್ರತಿಕಾಯಗಳಿಗೆ ಸೇರಿಸಿದ ಹೊಳೆಯುವ ವರ್ಣದ್ರವ್ಯಗಳು ಅದರಲ್ಲಿರುವ ಪ್ರೋಟೀನುಗಳನ್ನು ಗುರುತಿಸಿ ಕೊಡುತ್ತವೆ. ಸೆಕೆಂಡಿಗೆ ಸಾವಿರಾರು ಕೋಶಗಳ ಅಳತೆ ದೊರೆಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೆನರ್ಡ್ ಹರ್ಜೆನ್‌ಬರ್ಗ್ ಮತ್ತು ಸಂಗಡಿಗರು ಹೊಳಪನ್ನನುಸರಿಸಿ ಕೋಶಗಳನ್ನು ಬೇರ್ಪಡಿಸುವ ಯಂತ್ರವನ್ನು 1970ರ ಸುಮಾರಿಗೆ ರೂಪಿಸಿದಂದಿನಿಂದ ರೋಗನಿರೋಧಶಾಸ್ತ್ರವು ಈ ವಿಧಾನವನ್ನು ಬಹುವಾಗಿ ನೆಚ್ಚಿಕೊಂಡಿದೆ.

ಯಂತ್ರವು ಒಪ್ಪಿಸುವುದು ಅಳತೆಗಳನ್ನು. ಚುಕ್ಕೆಗಳ ರಾಶಿಯಲ್ಲಿ ಯಾವುವು ಲೆಕ್ಕಕ್ಕೆ ಬರತಕ್ಕವು ಎಂದು ಗೆರೆಯೆಳೆಯುವವನು ಸಂಶೋಧಕ. ಈ ಗೆರೆಗೆ ಗೇಟ್ ಎಂದು ಹೆಸರು. ಒಂದು ಗೇಟಿನಿಂದ ಒಡೆದ ಚೂರುಗಳೂ, ಇನ್ನೊಂದರಿಂದ ಅಂಟಿಕೊಂಡ ಜೋಡಿಕೋಶಗಳೂ, ಮತ್ತೊಂದರಿಂದ ಸತ್ತ ಕೋಶಗಳೂ ಹೊರಬೀಳುತ್ತವೆ. ಆದರೆ ಪ್ರಬಂಧದಲ್ಲಿ ಮುದ್ರಿತವಾಗುವುದು ಎಷ್ಟೋ ವೇಳೆ ಕೊನೆಯ ಚೌಕವೊಂದೇ. ಅದರ ಮೂಲೆಯಲ್ಲಿ ಶೇಕಡಾ 0.1 ಎಂಬ ಅಂಕಿ. ಯಾವ ಮೊತ್ತದಲ್ಲಿ ಶೇಕಡಾ 0.1? 1,00,000 ಕೋಶಗಳಲ್ಲಿ ಎಂದಾದರೆ 100 ಕೋಶಗಳು; ಹಿಂದಿನ ಗೇಟುಗಳನ್ನು ದಾಟಿ ಉಳಿದ 2,000ದಲ್ಲಿ ಎಂದಾದರೆ ಎರಡೇ ಕೋಶಗಳು! ಎರಡು ಕೋಶಗಳ ಮೇಲೆ ಸಿದ್ಧಾಂತವನ್ನು ನಿಲ್ಲಿಸುವವನ ಧೈರ್ಯವನ್ನು ಮೆಚ್ಚಬಹುದು. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ರೋಗಿಯಲ್ಲಿ ಚಿಕಿತ್ಸೆಯ ಅನಂತರವೂ ಉಳಿದ ರೋಗಕೋಶಗಳನ್ನು ಹುಡುಕುವಾಗ ಬಹುವಾಗಿ ಬಳಕೆಯಲ್ಲಿರುವ ಮೇರೆ ಶೇಕಡಾ 0.01, ಅಂದರೆ 10,000ಕ್ಕೆ ಒಂದು. ಮುಂದಿನ ಚಿಕಿತ್ಸೆಯು ಇಂತಹ ಅಂಕಿಯನ್ನು ನೋಡಿ ನಿರ್ಣಯವಾಗತಕ್ಕುದು. ಅಲ್ಲಿ ಛೇದವನ್ನು ಮರೆಸುವುದು ಬರಿಯ ಅಲಂಕಾರದೋಷವೆಂದು ಉಪೇಕ್ಷಿಸತಕ್ಕುದಲ್ಲ.

ಅಕ್ಷಗಳ ವಿಷಯದಲ್ಲಿ ಭ್ರಾಂತಿಯು ಇನ್ನೂ ಸೂಕ್ಷ್ಮವಾದುದು. ಒಂದು ವರ್ಣದ ಬೆಳಕು ಮತ್ತೊಂದಕ್ಕೆಂದು ಇಟ್ಟ ಗ್ರಾಹಕದೊಳಕ್ಕೆ ಸೋರುವುದರಿಂದ ಆ ಅಂಶವನ್ನು ಗಣಿತದಿಂದ ಕಳೆಯಬೇಕಾಗುತ್ತದೆ. ಕಳೆದ ಮೇಲೆ ಕೆಲವು ಕೋಶಗಳ ಬೆಲೆ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಲಾಗರಿತಮ್ ಮಾನದಲ್ಲಿ ಶೂನ್ಯಕ್ಕೂ ಋಣಸಂಖ್ಯೆಗೂ ಸ್ಥಾನವಿಲ್ಲ. ಆದಕಾರಣ ಆ ಕೋಶಗಳೆಲ್ಲ ಅಕ್ಷಕ್ಕೆ ಮೆತ್ತಿಕೊಂಡು ಮರೆಯಾಗುತ್ತವೆ. ತಿಮಿರವಿರುವ ಕಣ್ಣಿಗೆ ಚಂದ್ರನು ಇಬ್ಬರಾಗಿ ಕಂಡಂತೆ ಒಂದೇ ಸಮೂಹವು ಎರಡಾಗಿ ತೋರುವುದೂ ಉಂಟು. 2006ರಲ್ಲಿ ಪಾರ್ಕ್ಸ್, ರೋಡರರ್, ಮೂರ್ ಎಂಬುವರು ಶೂನ್ಯದ ಬಳಿ ಸಮಮಾನವಾಗಿಯೂ ದೂರದಲ್ಲಿ ಲಾಗರಿತಮ್ ಆಗಿಯೂ ನಡೆಯುವ ‘ಲಾಜಿಕಲ್’ ಅಕ್ಷವನ್ನು ಪ್ರತಿಪಾದಿಸಿ ಇದಕ್ಕೆ ಪರಿಹಾರ ತೋರಿಸಿದರು. ಅಂಕಿಗಳನ್ನೇ ಅಳಿಸಿ ಬಾಣದ ಗುರುತೊಂದನ್ನು ಉಳಿಸಿದ ಚಿತ್ರದಲ್ಲಿ ಯಾವ ಮಾನವು ಬಳಕೆಯಾಗಿದೆಯೆಂಬುದನ್ನು ತಿಳಿಯುವ ಬಗೆಯೇ ಇಲ್ಲ.

2008ರಲ್ಲಿ ಪ್ರಕಟವಾದ ‘ಮಿಫ್ಲೋಸೈಟ್’ ಎಂಬ ನಿಯಮಾವಳಿಯು ಪ್ರಯೋಗದ ಉದ್ದೇಶ, ಮಾದರಿ, ಯಂತ್ರ, ವಿಶ್ಲೇಷಣೆ ಈ ನಾಲ್ಕನ್ನೂ ವಿವರಿಸಬೇಕೆಂದು ವಿಧಿಸಿತು. ವಿಧಿಗಳು ಸಾಧುವಾದವೇ. ಆದರೆ ಅದರ ಲಕ್ಷ್ಯವೆಲ್ಲ ವಿವರಗಳ ದಾಖಲೆಯ ಕಡೆಗಿದೆ. ಅವುಗಳನ್ನು ಅಕ್ಷರಶಃ ಪಾಲಿಸಿದವನೂ ಗೇಟುಗಳನ್ನು ಅನುಬಂಧದ ಮೂಲೆಗೆ ತಳ್ಳಿ ನಿಶ್ಚಿಂತನಾಗಿರಬಹುದು.

ಗೇಟುಗಳನ್ನೆಲ್ಲ ಮುದ್ರಿಸಲು ಪುಟಗಳು ಸಾಲವೆಂದು ಆಕ್ಷೇಪಿಸಬಹುದು. ಒಂದು ಮಾದರಿಯ ಗೇಟುಗಳನ್ನು ಒಂದೇ ಸಾಲಿನಲ್ಲಿ ಕ್ರಮವಾಗಿ ತೋರಿಸಿ, ಪ್ರತಿಯೊಂದರಲ್ಲಿ ಉಳಿದ ಕೋಶಗಳ ಸಂಖ್ಯೆಯನ್ನು ಬರೆದರೆ ಈ ಆಕ್ಷೇಪಕ್ಕೆ ಎಡೆಯಿರದು. ಪಕ್ಕದಲ್ಲಿ, ವಿಚಾರಾಸ್ಪದವಾದ ಒಂದು ವರ್ಣವನ್ನು ಮಾತ್ರ ಬಿಟ್ಟು ಉಳಿದೆಲ್ಲವನ್ನೂ ಸೇರಿಸಿದ ಮಾದರಿಯ ಚಿತ್ರವಿದ್ದರೆ ಗೆರೆಯನ್ನು ಅಲ್ಲಿಯೇ ಎಳೆದುದೇಕೆಂಬುದು ವ್ಯಕ್ತವಾಗುತ್ತದೆ. ಅನ್ವಯವ್ಯತಿರೇಕಗಳನ್ನು ಬಲ್ಲವರಿಗೆ ಇದರ ಬಲವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಉಳಿದುದು ‘ಪ್ರಾತಿನಿಧಿಕ ಚಿತ್ರ’ ಎಂಬ ಅಡಿಬರಹ. ಪ್ರತಿನಿಧಿಯನ್ನು ಆರಿಸಿದವನು ಪ್ರಬಂಧಕಾರನೇ. ಹತ್ತು ಇಲಿಗಳಲ್ಲಿ ತನ್ನ ವಾದಕ್ಕೆ ಅತ್ಯಂತ ಅನುಕೂಲವಾದುದನ್ನು ಆತನು ಆರಿಸಿಲ್ಲವೆಂದು ನಂಬುವುದಕ್ಕೆ ಪುಟದಲ್ಲಿಯೇ ಆಧಾರ ಬೇಕು. ಹತ್ತೂ ಇಲಿಗಳ ಫಲವನ್ನು ಹತ್ತು ಚುಕ್ಕೆಗಳಾಗಿ ಚಿತ್ರದ ಬದಿಯಲ್ಲಿಟ್ಟು, ಮುದ್ರಿತ ಚಿತ್ರವು ಯಾವ ಚುಕ್ಕೆಗೆ ಸೇರಿದುದೆಂದು ಗುರುತಿಸಲು ಎರಡು ಅಂಗುಲದ ಸ್ಥಳ ಸಾಕು.