ನೋಡಿದರೆ ಕೈ ಕೆಡುವುದಿಲ್ಲ

‘ಪ್ರದರ್ಶನ ಜಾಸ್ತಿ ನೋಡಬೇಡ, ಕೈ ಕೆಡುತ್ತೆ.’ ನಾನು ಕಲಾಶಾಲೆಯಲ್ಲಿದ್ದಾಗ ಹಿರಿಯರೊಬ್ಬರು ಹೇಳಿದ ಮಾತಿದು. ಇಷ್ಟು ವರ್ಷಗಳಾದ ಮೇಲೂ ಇದೇ ಮಾತನ್ನು ಈಗಿನ ಹುಡುಗರ ಬಾಯಲ್ಲಿ ಕೇಳುತ್ತಿದ್ದೇನೆ. ಮೊನ್ನೆ ನನ್ನ ಸ್ಟುಡಿಯೋಗೆ ಬಂದಿದ್ದ ಯುವಕನ ರೇಖೆ ಚೆನ್ನಾಗಿತ್ತು. ಎರಡು ವರ್ಷದಿಂದ ಒಂದೂ ಪ್ರದರ್ಶನಕ್ಕೆ ಹೋಗಿಲ್ಲ, ಸ್ವಂತಿಕೆ ಉಳಿಸಿಕೊಳ್ಳಬೇಕು ಎಂದ. ಅವನು ತಂದಿದ್ದ ಹತ್ತು ಚಿತ್ರಗಳನ್ನು ಗೋಡೆಗೆ ಒರಗಿಸಿ ನೋಡಿದೆವು. ಹತ್ತರಲ್ಲೂ ಮುಖ ಎಡಕ್ಕೇ ತಿರುಗಿದೆ, ಹಿನ್ನೆಲೆಗೆ ಒಂದೇ ನೀಲಿ. ಯಾರ ಪ್ರಭಾವವೂ ಸೋಕದಂತೆ ಕಾಪಾಡಿಕೊಂಡ ಕೈ ತನ್ನ ಅಭ್ಯಾಸಕ್ಕೇ ಸೆರೆಯಾಗಿತ್ತು.

ಈ ನಂಬಿಕೆಯನ್ನು ಸಮರ್ಥಿಸುವವರು ನಮ್ಮಲ್ಲಿ ಮೊದಲು ಹೇಳುವ ಹೆಸರು ಕೆ. ವೆಂಕಟಪ್ಪ. ಮದುವೆಯಾಗದೆ, ಯಾರನ್ನೂ ಹಚ್ಚಿಕೊಳ್ಳದೆ, ಚಿತ್ರ ಮತ್ತು ವೀಣೆಯನ್ನೇ ವ್ರತದಂತೆ ಹಿಡಿದು ಬಾಳಿದ ತಪಸ್ವಿ ಎಂದು. ಆ ಮಾತು ಸುಳ್ಳಲ್ಲ, ಆದರೆ ಅರ್ಧವೇ ನಿಜ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ ವರ್ಷಗಟ್ಟಲೆ ಇದ್ದವರು ಅವರು. ನಂದಲಾಲ್ ಬೋಸ್‌ರಂಥವರು ಅಲ್ಲಿ ಅವರ ಜೊತೆಗಾರರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಅವನೀಂದ್ರರ, ನಂದಲಾಲರ ಚಿತ್ರಗಳ ಪಕ್ಕದಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಮೊಘಲ್ ಕಿರುಚಿತ್ರ, ಅಜಂತಾ, ಜಪಾನಿನ ವಾಷ್ ಪದ್ಧತಿ, ಎಲ್ಲವನ್ನೂ ಕಣ್ಣಿಗೆ ತುಂಬಿಕೊಳ್ಳುತ್ತಿದ್ದ ಗುಂಪದು. ಊಟಿಯ ಮಂಜು ಮತ್ತು ಬೆಳದಿಂಗಳನ್ನು ವೆಂಕಟಪ್ಪನವರು ಜಲವರ್ಣದಲ್ಲಿ ಹಿಡಿದದ್ದು ಇಷ್ಟೆಲ್ಲ ನೋಡಿ ಬಂದ ಮೇಲೆ. ಆ ಚಿತ್ರಗಳು ಕಲ್ಕತ್ತೆಯ ಚಿತ್ರಗಳಂತಿಲ್ಲ. ನೋಡಿದ್ದರಿಂದ ಅವರ ಕೈ ಕೆಟ್ಟಿದ್ದರೆ ಆ ಬೆಳದಿಂಗಳು ಎಲ್ಲಿಂದ ಬಂತು?

ಆ ಜಲವರ್ಣಗಳ ಬಗ್ಗೆ ಇನ್ನೊಂದು ಮಾತು. ನಾನು ಅವನ್ನು ಮೊದಲು ಕಂಡದ್ದು ಪುಸ್ತಕದಲ್ಲಿ. ಮಸುಕು ಚಿತ್ರಗಳೆಂದು ಪುಟ ತಿರುಗಿಸಿದ್ದೆ. ಆಮೇಲೆ ಮೂಲದ ಮುಂದೆ ನಿಂತಾಗ ಮಸುಕೆಂದುಕೊಂಡದ್ದು ಪದರಗಳಾಗಿ ಬಿಚ್ಚಿಕೊಂಡಿತು. ಒಂದು ತೆಳುಬಣ್ಣ ಪೂರ್ತಿ ಒಣಗುವವರೆಗೆ ಕಾದು, ಅದರ ಮೇಲೆ ಇನ್ನೊಂದನ್ನು ಎಳೆದ ಸಹನೆ ಕಂಡಿತು. ಅಚ್ಚಿನಲ್ಲಿ ಬಣ್ಣ ಸಿಗುತ್ತದೆ, ಆ ಕಾಯುವಿಕೆ ಸಿಗುವುದಿಲ್ಲ. ಮರುದಿನ ನನ್ನ ಮೇಜಿನ ಮೇಲಿದ್ದ ಕಾಗದದಲ್ಲಿ ನಾನು ಎಲ್ಲೆಲ್ಲಿ ಅವಸರಪಟ್ಟಿದ್ದೇನೆ ಎಂಬುದು ಎದ್ದು ಕಂಡಿತು. ವೆಂಕಟಪ್ಪನವರ ಬಣ್ಣವನ್ನು ನಾನು ತರಲಿಲ್ಲ. ತಂದದ್ದು ಒಂದು ಪ್ರಶ್ನೆ: ಇಲ್ಲಿ ಯಾಕೆ ಕಾಯಲಿಲ್ಲ? ಸ್ಟುಡಿಯೋದಲ್ಲಿ ಒಬ್ಬನೇ ಕೂತಿದ್ದರೆ ಈ ಪ್ರಶ್ನೆ ನನಗೆ ಹುಟ್ಟುತ್ತಿರಲಿಲ್ಲ.

ಪ್ರಭಾವ ಬೀಳುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೀಳುತ್ತದೆ. ಒಮ್ಮೆ ಒಂದು ದೊಡ್ಡ ಪ್ರದರ್ಶನ ನೋಡಿ ಬಂದು ವಾರಗಟ್ಟಲೆ ನಾನು ಬಳಿದ ಕೆಂಪು ನನ್ನದಾಗಿರಲಿಲ್ಲ. ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ತಿಂಗಳ ಮೇಲೆ ತಿರುಗಿಸಿ ನೋಡಿದಾಗ ಎರವಲು ಯಾವುದು, ನನ್ನದು ಯಾವುದು ಎಂದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿತ್ತು. ಎರವಲನ್ನು ಚಾಕುವಿನಿಂದ ಕೆರೆದು ತೆಗೆದೆ. ಉಳಿದ ಮೂಲೆಯೊಂದರಿಂದ ಹೊಸ ಚಿತ್ರ ಶುರುವಾಯಿತು. ಪ್ರಭಾವಕ್ಕೆ ಮದ್ದು ಸ್ಟುಡಿಯೋದಲ್ಲಿದೆ, ಗ್ಯಾಲರಿಯ ಬಾಗಿಲಿನಿಂದಲೇ ಹಿಂತಿರುಗುವುದರಲ್ಲಿಲ್ಲ.

ಅಮೃತಾ ಶೇರ್‌ಗಿಲ್‌ ಅವರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪ್ಯಾರಿಸ್ಸಿನಲ್ಲಿ ಕಲಿತು, ಅಲ್ಲಿನ ಸಲೋನ್ ಕಲಾಪ್ರದರ್ಶನದಲ್ಲಿ ಪದಕ ಗೆದ್ದು ಬಂದ ಕೈ ಅದು. ಭಾರತಕ್ಕೆ ಮರಳಿದ ಮೇಲೆ ಅಜಂತಾ, ಎಲ್ಲೋರ ನೋಡಿದರು, ಕೊಚ್ಚಿಯ ಮಟ್ಟಂಚೇರಿ ಅರಮನೆಯ ಭಿತ್ತಿಚಿತ್ರಗಳ ಮುಂದೆ ನಿಂತರು. ಆ ಪ್ರವಾಸದ ಬೆನ್ನಿಗೇ, 1937ರಲ್ಲಿ, ವಧುವಿನ ಸಿಂಗಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು ಎಂಬ ಮೂರು ಚಿತ್ರಗಳು ಬಂದವು. ಆಗ ಅವರಿಗೆ 24 ವರ್ಷ. ಅವರ ಅತ್ಯುತ್ತಮ ಕೃತಿಗಳನ್ನು ಹೆಸರಿಸುವವರು ಈ ಮೂರನ್ನು ಬಿಡುವುದಿಲ್ಲ. ವ್ಯಾನ್ ಗೋ ಸ್ಯಾಂ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ಚಿತ್ರಗಳ ಕಪ್ಪು ಬಿಳುಪು ಅಚ್ಚುಗಳನ್ನು ಮುಂದಿಟ್ಟುಕೊಂಡು ಬರೆದ. ಅವನ್ನು ಮಿಲೆಯದೆಂದು ಇಂದು ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರಂತೂ ಚಿತ್ರ ನೋಡಿದ್ದು ಸಾಲದೆಂದು ಲಯ ಅರಿಯಲು ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖೆಯನ್ನು ಎಲ್ಲಿ ಕಂಡರೂ ಗುರುತಿಸಬಹುದು.

ಆತಂಕಪಡಬೇಕಾದದ್ದು ಬೇರೆ ಕಡೆ ಇದೆ. ಪ್ರದರ್ಶನಕ್ಕೆ ಹೋಗದ ಆ ಯುವಕ ದಿನಕ್ಕೆ ನೂರಾರು ಚಿತ್ರಗಳನ್ನು ಫೋನಿನಲ್ಲಿ ಸರಿಸುತ್ತಾನೆ. ಅದನ್ನು ಅವನು ನೋಡುವುದೆಂದು ಎಣಿಸಿಯೇ ಇಲ್ಲ. ಆರಡಿ ಕ್ಯಾನ್ವಾಸೂ ಅಂಗೈ ಅಗಲದ ಕಿರುಚಿತ್ರವೂ ಅಲ್ಲಿ ಒಂದೇ ಅಳತೆ. ಬಣ್ಣದ ದಪ್ಪ, ಕುಂಚ ತಡೆದು ನಿಂತ ಜಾಗ, ತಿದ್ದಿದ ಗುರುತು ಯಾವುದೂ ಇಲ್ಲ. ಚಿತ್ರಕಾರ ಎಲ್ಲಿ ಅನುಮಾನಿಸಿದ ಎಂಬುದು ಕಾಣದೆ ಸಿದ್ಧ ಫಲ ಮಾತ್ರ ಕಂಡಾಗ ಕಣ್ಣು ಕಲಿಯುವುದು ಶೈಲಿಯನ್ನಷ್ಟೇ. ಕೈ ಕೆಡುವುದಾದರೆ ಇಲ್ಲಿ ಕೆಡುತ್ತದೆ. ಅವನ ನೀಲಿ ಎಲ್ಲಿಂದ ಬಂತೆಂದು ನನಗೆ ಆಮೇಲೆ ಹೊಳೆಯಿತು.

ಕಲಾಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಕೈ ಕೆಡುತ್ತದೆ ಎಂದು ಮಕ್ಕಳನ್ನು ಹೆದರಿಸಬೇಡಿ. ಉದ್ಘಾಟನೆಯ ಸಂಜೆ ಬೇಡ, ಜನರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ವಾರದ ನಡುವೆ ಒಂದು ಬೆಳಿಗ್ಗೆ ಅವರನ್ನು ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೋ, ಚಿತ್ರಕಲಾ ಪರಿಷತ್ತಿಗೋ, ಮೈಸೂರಿನವರಾದರೆ ಜಗನ್ಮೋಹನ ಅರಮನೆಗೋ ಕರೆದುಕೊಂಡು ಹೋಗಿ. ಎಲ್ಲ ಚಿತ್ರಗಳನ್ನೂ ತೋರಿಸಬೇಡಿ. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ಕೂರಿಸಿ, ಕೈಗೆ ಪೆನ್ಸಿಲ್ ಕೊಡಿ. ಮರುದಿನ ಅವರು ತಮ್ಮ ಕ್ಯಾನ್ವಾಸಿನ ಮುಂದೆ ನಿಂತಾಗ ಪಕ್ಕದಲ್ಲಿರಿ.