ಬ್ರಾಹ್ಮೀಲಿಪಿಯ ಮೂಲ: ಎರಡು ಗ್ರಂಥಗಳ ವಿಮರ್ಶೆ

ಅಕ್ಷರಾಭ್ಯಾಸದ ದಿನ ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಓಂಕಾರವನ್ನು ಬರೆಯಿಸುವ ಮನೆಗಳಲ್ಲಿ, ಆ ಅಕ್ಷರವು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರವು ಸಿದ್ಧವಾಗಿಯೇ ಇರುತ್ತದೆ. ಬ್ರಹ್ಮನಿಂದ ಬಂದುದು ಬ್ರಾಹ್ಮೀ ಎಂಬುದು ಒಂದು ಸಂಪ್ರದಾಯ. ವೃಷಭಸ್ವಾಮಿಯು ತನ್ನ ಮಗಳಾದ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಉಪದೇಶಿಸಿದನೆಂಬುದು ಜೈನ ಸಂಪ್ರದಾಯ. ಜಿನಸೇನಾಚಾರ್ಯರ ಆದಿಪುರಾಣವನ್ನು ಬಲ್ಲವರಿಗೆ ಈ ಪ್ರಸಂಗವು ಪರಿಚಿತವಾದುದೇ. ಲಿಪಿಯೆಂಬುದು ಪೂಜ್ಯವೆಂಬ ಭಾವವು ಈ ಎರಡು ಕಥೆಗಳಲ್ಲಿಯೂ ಇದೆ. ಆದರೆ ಪೂಜ್ಯಭಾವವು ಬೇರೆ, ಪ್ರಮಾಣವು ಬೇರೆ. ಪ್ರಮಾಣದಿಂದ ಈ ಪ್ರಶ್ನೆಯನ್ನು ಬಿಡಿಸಲು ಯತ್ನಿಸಿದ ಗ್ರಂಥಗಳಲ್ಲಿ ಎರಡು ಇಂದಿಗೂ ಒಟ್ಟಿಗೆ ಓದತಕ್ಕವು: ಒಂದು, ಗೇಯಾರ್ಗ್ ಬ್ಯೂಲರ್ ಪಂಡಿತರ ಭಾರತೀಯ ಲಿಪಿಶಾಸ್ತ್ರ (1896), ಇನ್ನೊಂದು, ಗೌರೀಶಂಕರ ಹೀರಾಚಂದ ಓಝಾ ಅವರ ‘ಭಾರತೀಯ ಪ್ರಾಚೀನ ಲಿಪಿಮಾಲಾ’ (1894, ವಿಸ್ತೃತವಾದ ಎರಡನೆಯ ಮುದ್ರಣ 1918).

ಬ್ಯೂಲರರು ಹುಟ್ಟಿದುದು 1837ರಲ್ಲಿ. ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕ ಚಿಕ್ಕ ಶಾಸನಗಳ ಕೊನೆಯಲ್ಲಿ ಮರಳಿಮರಳಿ ಬರುವ ಅಕ್ಷರಗಳನ್ನು ‘ದಾನಂ’ ಎಂದು ಊಹಿಸಿ, ಮರೆತುಹೋಗಿದ್ದ ಬ್ರಾಹ್ಮಿಯ ಬಾಗಿಲನ್ನು ತೆರೆದುದೂ ಅದೇ ವರ್ಷ. ಮುಂಬಯಿ ಪ್ರಾಂತದ ವಿದ್ಯಾಖಾತೆಯಲ್ಲಿ ಬಹುಕಾಲ ದುಡಿದು, ಶಾಸ್ತ್ರಿಗಳೊಡನೆ ಕುಳಿತು ಧರ್ಮಶಾಸ್ತ್ರವನ್ನು ಅಭ್ಯಸಿಸಿದ ಬ್ಯೂಲರರನ್ನು ಈ ದೇಶದ ದ್ವೇಷಿಗಳೆಂದು ಹೇಳುವುದು ಅನ್ಯಾಯ. ಓಝಾ ಅವರಾದರೋ ರಾಜಪುತಾನದ ಶಾಸನಗಳ ನಡುವೆ ಬಾಳಿದವರು. ಅವರ ಪುಸ್ತಕದ ಮೊದಲ ಮುದ್ರಣವು ಬ್ಯೂಲರರ ಗ್ರಂಥಕ್ಕಿಂತ ಎರಡು ವರ್ಷ ಮುಂಚಿನದು, ಅದೂ ಹಿಂದಿಯಲ್ಲಿ. ಇಂಥ ಗಹನವಾದ ಶಾಸ್ತ್ರವನ್ನು ದೇಶಭಾಷೆಯಲ್ಲಿಯೇ ಬರೆಯಬಹುದೆಂದು ತೋರಿಸಿಕೊಟ್ಟ ಕೀರ್ತಿಯು ಅವರದು.

ಬ್ಯೂಲರರ ಪಕ್ಷವಿದು: ಕ್ರಿ. ಪೂ. ಸುಮಾರು 800ರ ವೇಳೆಗೆ ಪಶ್ಚಿಮದೊಡನೆ ವ್ಯಾಪಾರ ಮಾಡುತ್ತಿದ್ದವರ ಮೂಲಕ ಉತ್ತರ ಸೆಮಿಟಿಕ್ ಲಿಪಿಯ 22 ಅಕ್ಷರಗಳು ಇಲ್ಲಿಗೆ ಬಂದುವು; ಉಳಿದ ಅಕ್ಷರಗಳನ್ನು ಅವುಗಳಿಂದಲೇ ಇಲ್ಲಿಯ ಪಂಡಿತರು ರಚಿಸಿಕೊಂಡರು. ಬ್ರಾಹ್ಮಿಯ ಗಕಾರವು ಫಿನೀಷಿಯರ ‘ಗಿಮೆಲ್’ಗೂ, ನಡುವೆ ಚುಕ್ಕಿಯುಳ್ಳ ವೃತ್ತಾಕಾರದ ಥಕಾರವು ನಡುವೆ ಅಡ್ಡಗೆರೆಗಳುಳ್ಳ ‘ತೇತ್’ಗೂ ಸಮೀಪವಾಗಿರುವುದು ನೋಡಿದವರಿಗೆಲ್ಲ ಕಾಣುತ್ತದೆ. ಆದರೆ ಎಲ್ಲ ಅಕ್ಷರಗಳೂ ಹೀಗೆ ಸುಲಭವಾಗಿ ಹೊಂದವು. ಹೊಂದದೆಡೆಯಲ್ಲಿ ಬ್ಯೂಲರರು ಅಕ್ಷರವನ್ನು ತಲೆಕೆಳಗು ಮಾಡುವರು, ಮಗ್ಗುಲಿಗೆ ಹೊರಳಿಸುವರು, ಗೆರೆಯೊಂದನ್ನು ಸೇರಿಸುವರು.

ಇಲ್ಲಿಯೇ ಓಝಾ ಅವರ ಆಕ್ಷೇಪವು ನಾಟುವುದು. ಇಷ್ಟು ಸ್ವಾತಂತ್ರ್ಯವನ್ನು ವಹಿಸಿದರೆ ಯಾವ ಲಿಪಿಯಿಂದ ಯಾವ ಲಿಪಿಯನ್ನಾದರೂ ಹುಟ್ಟಿಸಬಹುದು. ಹುಳು ಕೊರೆದ ಮರದಲ್ಲಿ ಅಕ್ಷರದ ಆಕಾರವು ಕಂಡುಬಂದರೆ ಹುಳುವಿಗೆ ಓದುಬರಹ ಬರುತ್ತದೆಂದು ಯಾರೂ ಹೇಳುವುದಿಲ್ಲ; ಆಕಾರಸಾಮ್ಯವೊಂದರಿಂದಲೇ ಜನ್ಯಜನಕ ಸಂಬಂಧವನ್ನು ಸಾಧಿಸುವುದು ಘುಣಾಕ್ಷರನ್ಯಾಯವನ್ನು ಮರೆತಂತೆ. ಏರಣದಲ್ಲಿ ದೊರೆತ ಒಂದು ನಾಣ್ಯದಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಹರಿದಿವೆ. ಬ್ರಾಹ್ಮಿಯೂ ಹಿಂದೆ ಸೆಮಿಟಿಕ್ ಲಿಪಿಯಂತೆಯೇ ಹರಿಯುತ್ತಿದ್ದಿತೆನ್ನಲು ಬ್ಯೂಲರರಿಗೆ ಇದು ದೊಡ್ಡ ಆಧಾರ. ಅಚ್ಚನ್ನು ಕೆತ್ತುವವನು ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಲು ಮರೆತರೆ ನಾಣ್ಯದಲ್ಲಿ ಹೀಗಾಗುವುದು ಸಹಜವೆಂದು ಓಝಾ ಅವರು ಹೇಳುವ ಸಮಾಧಾನವು ಸರಳವಾಗಿಯೂ ಯುಕ್ತವಾಗಿಯೂ ಇದೆ. ಮುಂದೆ ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕಶಾಸನದಲ್ಲಿ ಕೆಲವು ಪಂಕ್ತಿಗಳು ಬಲದಿಂದ ಎಡಕ್ಕೆ ಹರಿದಿರುವುದು ಕಂಡುಬಂದಿತು ನಿಜ. ಆದರೆ ನೆಟ್ಟಗೆ ಬರೆದ ಅಶೋಕನ ಇತರ ಬ್ರಾಹ್ಮೀಶಾಸನಗಳ ರಾಶಿಯ ಮುಂದೆ ಒಬ್ಬ ಲಿಪಿಕಾರನ ವೈಚಿತ್ರ್ಯವು ಒಂದು ದೇಶದ ಪದ್ಧತಿಗೆ ಸಾಕ್ಷಿಯಾಗಲಾರದು.

ಪರಪಕ್ಷವನ್ನು ಖಂಡಿಸಿದ ಮಾತ್ರಕ್ಕೆ ಸ್ವಪಕ್ಷವು ಸಿದ್ಧವಾಗದೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಬ್ರಾಹ್ಮಿಯು ಸರ್ವಾಂಗಸುಂದರವಾದ ಲಿಪಿ, ಸೆಮಿಟಿಕ್ ಲಿಪಿಯಾದರೋ ಸ್ವರಚಿಹ್ನೆಗಳಿಲ್ಲದ ಅಪೂರ್ಣಲಿಪಿ. ಆದುದರಿಂದ ಬ್ರಾಹ್ಮಿಯು ಇಲ್ಲಿಯೇ ಹುಟ್ಟಿದುದು ಎಂಬುದು ಓಝಾ ಅವರ ವಾದದ ತಿರುಳು. ಈ ಹೇತುವು ಸಾಧ್ಯವನ್ನು ಬಿಟ್ಟುಹೋಗುತ್ತದೆ. ಇದಕ್ಕೆ ಪ್ರತಿದೃಷ್ಟಾಂತವು ದೂರದಲ್ಲಿಲ್ಲ. ಓಝಾ ಅವರ ಗ್ರಂಥದಲ್ಲಿಯೇ ಇದೆ. ವಾಯವ್ಯದಲ್ಲಿ ಬಳಕೆಯಲ್ಲಿದ್ದ ಖರೋಷ್ಠಿಯು ಅರಾಮೀಯ ಲಿಪಿಯಿಂದ ಹುಟ್ಟಿತೆಂದು ಅವರೂ ಒಪ್ಪುವರು. ಆ ಖರೋಷ್ಠಿಯಲ್ಲಿಯೂ ವ್ಯಂಜನಕ್ಕೆ ಸ್ವರಚಿಹ್ನೆಯನ್ನು ಹತ್ತಿಸುವ ಪದ್ಧತಿಯುಂಟು, ಹ್ರಸ್ವದೀರ್ಘಭೇದ ಮಾತ್ರವಿಲ್ಲ. ಅಂದಮೇಲೆ ಆಕಾರವು ಹೊರಗಿನದಾಗಿ ವ್ಯವಸ್ಥೆಯು ಒಳಗಿನದಾಗಿರುವುದು ಅಸಂಭವವಲ್ಲವೆಂದು ಸಿದ್ಧವಾಯಿತು.

ಈ ಇಬ್ಬರ ಕಾಲದ ತರುವಾಯ ದೊರೆತ ಸಾಮಗ್ರಿಯನ್ನೂ ತೂಕಕ್ಕೆ ಹಾಕಬೇಕು. 1924ರಲ್ಲಿ ಪ್ರಕಟವಾದ ಸಿಂಧೂನಾಗರಿಕತೆಯ ಮುದ್ರೆಗಳು ಸ್ವದೇಶಪಕ್ಷದವರಿಗೆ ಹೊಸ ಧೈರ್ಯವನ್ನು ಕೊಟ್ಟುವು. ಆದರೆ ಆ ಲಿಪಿಯನ್ನು ಸರ್ವಸಮ್ಮತವಾಗಿ ಓದಿದವರು ಇನ್ನೂ ಇಲ್ಲ. ಅದಕ್ಕೂ ಅಶೋಕನಿಗೂ ನಡುವೆ ಒಂದೂವರೆ ಸಾವಿರ ವರ್ಷಗಳ ಕಂದಕವಿದೆ. ಕಂದಾಹಾರದಲ್ಲಿ 1958ರಲ್ಲಿ ದೊರೆತ ಅಶೋಕನ ಶಾಸನವು ಗ್ರೀಕ್ ಮತ್ತು ಅರಾಮೀಯ ಭಾಷೆಗಳಲ್ಲಿರುವುದರಿಂದ, ಮೌರ್ಯರ ಆಡಳಿತಕ್ಕೆ ಆ ಲಿಪಿಗಳೆರಡೂ ಪರಿಚಿತವಾಗಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಪಾಣಿನಿಯು ‘ಲಿಪಿ’ ಶಬ್ದವನ್ನು ಬಲ್ಲನು. ಆ ಶಬ್ದವು ಪ್ರಾಚೀನ ಪಾರಸೀಕದ ‘ದಿಪಿ’ಗೆ ಸಂಬಂಧಿಸಿದುದೆಂದು ವಿದ್ವಾಂಸರ ಮತ. ಶಹಬಾಜಗಢಿಯ ಅಶೋಕಶಾಸನದಲ್ಲಿ ‘ದಿಪಿ’ ಎಂಬ ರೂಪವೇ ಇದೆ. ಇವೆಲ್ಲವೂ ಪಶ್ಚಿಮದ ಕಡೆಗೇ ಬೆರಳು ತೋರುತ್ತವೆ.

ಕನ್ನಡನಾಡಿನ ಸಾಕ್ಷಿಯೂ ಒಂದುಂಟು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕಶಾಸನವನ್ನು ಬರೆದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲವೂ ಬ್ರಾಹ್ಮಿಯಲ್ಲಿದ್ದರೂ ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಆತನು ಖರೋಷ್ಠಿಯಲ್ಲಿ ಬರೆದಿರುವನು. ಬಲದಿಂದ ಎಡಕ್ಕೆ ಹರಿಯುವ ಲಿಪಿಯೊಂದು, ಎಡದಿಂದ ಬಲಕ್ಕೆ ಹರಿಯುವ ಲಿಪಿಯೊಂದು. ಎರಡೂ ಒಬ್ಬನ ಕೈಯಲ್ಲಿ, ಒಂದೇ ಬಂಡೆಯ ಮೇಲೆ. ಲಿಪಿಗಳು ಹೇಗೆ ಸಂಚರಿಸುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಹಾಗಾದರೆ ಈ ದೇಶದ ಹೆಮ್ಮೆಗೆ ಕುಂದು ಬಂದಿತೆ? ಬರಲಿಲ್ಲ. ಎರಡು ಗ್ರಂಥಗಳ ಜಗಳವೂ ಅಕ್ಷರದ ಆಕಾರ ಮತ್ತು ವರ್ಣಗಳ ವ್ಯವಸ್ಥೆ ಎಂಬ ಎರಡನ್ನು ಬೆರೆಸಿದುದರಿಂದ ಬೆಳೆದುದು. ಫಿನೀಷಿಯರ ಅಕ್ಷರಮಾಲೆಯಲ್ಲಿ ಎತ್ತು, ಮನೆ ಎಂಬ ಹೆಸರುಗಳು ಒಂದರ ಹಿಂದೆ ಒಂದು ನಿಂತಿವೆ. ಆ ಕ್ರಮಕ್ಕೆ ಧ್ವನಿಯ ಕಾರಣವಿಲ್ಲ. ನಮ್ಮ ವರ್ಣಮಾಲೆಯಾದರೋ ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ಮುಟ್ಟಿ ಓಷ್ಠದಲ್ಲಿ ನಿಲ್ಲುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳು, ಅನುನಾಸಿಕವು, ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿವೆ. ಈ ವಿವೇಕವನ್ನು ಪಡೆದವರು ಶಿಕ್ಷಾಪ್ರಾತಿಶಾಖ್ಯಗಳ ಆಚಾರ್ಯರು. ಪಡೆದುದು ಕಣ್ಣಿನಿಂದಲ್ಲ, ಕಿವಿಯಿಂದ. ವೇದವನ್ನು ಬಾಯಿಂದ ಬಾಯಿಗೆ ಕಾಪಾಡಿದ ಪರಂಪರೆಯ ಫಲವದು. ಯಾವ ವ್ಯಾಪಾರಿಯ ಮೂಟೆಯಲ್ಲಿಯೂ ಬಂದುದಲ್ಲ. ಬ್ರಾಹ್ಮಿಯನ್ನು ಪೂರ್ಣಗೊಳಿಸಿದವರು ಧ್ವನಿಶಾಸ್ತ್ರವನ್ನು ಬಲ್ಲ ಪಂಡಿತರೆಂದು ಬ್ಯೂಲರರೇ ಹೇಳಿರುವರು; ಅವರನ್ನು ಹಳಿಯುವವರು ಈ ಮಾತನ್ನು ಓದಿದಂತೆ ತೋರುವುದಿಲ್ಲ.

ಗ್ರೀಕರು ತಮ್ಮ ಅಕ್ಷರಗಳು ಫಿನೀಷಿಯರಿಂದ ಬಂದುವೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಹಿರೊಡೊಟಸನೇ ಅದನ್ನು ಬರೆದಿಟ್ಟಿರುವನು. ಅದರಿಂದ ಹೋಮರನ ಕಾವ್ಯಕ್ಕೆ ಕೊರತೆಯಾಗಲಿಲ್ಲ. ಕನ್ನಡವೂ ಬ್ರಾಹ್ಮಿಯ ಸಂತಾನದಿಂದಲೇ ತನ್ನ ಲಿಪಿಯನ್ನು ಪಡೆಯಿತು. ಅದರಲ್ಲಿಲ್ಲದ ಱ, ೞ ಧ್ವನಿಗಳಿಗೆ ಅಕ್ಷರಗಳನ್ನು ಹೊಂದಿಸಿಕೊಂಡಿತು. ಉಚ್ಚಾರವು ಅಳಿದಾಗ ಅವನ್ನು ಬಿಟ್ಟೂಕೊಟ್ಟಿತು. ಆ ಲಿಪಿಯನ್ನು ಎರವಲೆಂದು ಇಂದು ಯಾರೂ ಕರೆಯುವುದಿಲ್ಲ.

ಆದುದರಿಂದ ನಿರ್ಣಯವಿಷ್ಟು. ಆಕಾರಗಳ ವಿಷಯದಲ್ಲಿ, ವಿವರಗಳಲ್ಲಿ ಅತಿಯಾಗಿ ಎಳೆದಿದ್ದರೂ, ಬ್ಯೂಲರರು ನೋಡಿದ ದಿಕ್ಕು ಹೆಚ್ಚು ಸಂಭವನೀಯವಾದುದು. ವಿಧಾನದ ವಿಷಯದಲ್ಲಿ ಓಝಾ ಅವರ ಎಚ್ಚರಿಕೆಯು ಎಂದಿಗೂ ಬೆಲೆಯುಳ್ಳದ್ದು. ಅವರ ಗ್ರಂಥದಲ್ಲಿ ಲಿಪಿಗಳ ಪರಿಣಾಮವನ್ನು ಶತಮಾನದಿಂದ ಶತಮಾನಕ್ಕೆ ತೋರಿಸುವ ಪತ್ರಗಳಂತೂ ಯಾವ ವಾದದಿಂದಲೂ ಮಾಸತಕ್ಕವಲ್ಲ. ಅಕ್ಷರಾಭ್ಯಾಸದ ಮಗುವಿಗೆ ಹೇಳಬೇಕಾದುದೂ ಇದೇ: ಗೆರೆಯು ಎಲ್ಲಿಂದಾದರೂ ಬಂದಿರಲಿ, ಆ ಗೆರೆಗೆ ನಾಲಗೆಯ ಮೇಲೆ ಒಂದು ಸ್ಥಾನವನ್ನು ಗೊತ್ತುಮಾಡಿಕೊಟ್ಟವರು ಈ ನೆಲದವರು.