ಕೋಲಾರದ ಚಿನ್ನದ ಗಣಿಗಳ ಇತಿಹಾಸ ಲೇಖನ ಮತ್ತು ಯಂತ್ರ ನಡೆಸಿದವನ ದೇಹ: ಒಂದು ವಿಮರ್ಶೆ

1

ಕೋಲಾರದ ಚಿನ್ನದ ಗಣಿಗಳ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ನಿಶ್ಚಿತ ಕ್ರಮದಲ್ಲಿ ಓದುತ್ತಾರೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಹಳ್ಳಿಗರ ಚಿನ್ನದ ಕೆಲಸವನ್ನು ಕಂಡು ವರದಿ ಮಾಡಿದನು. 1870ರ ದಶಕದಲ್ಲಿ ಲ್ಯಾವೆಲ್ ಪರವಾನಗಿ ಪಡೆದನು. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಪ್ರವೇಶಿಸಿತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ದೂರಕ್ಕೆ ವಿದ್ಯುಚ್ಛಕ್ತಿ ಹರಿಯಿತು. 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. 2001ರಲ್ಲಿ ಗಣಿಗಳು ಮುಚ್ಚಿದವು. ಈ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ದೊರೆಯಿತೆಂಬುದು ಈ ಕಥನದ ಉಪಸಂಹಾರ.

ಈ ಕಥನದಲ್ಲಿ ಹೇಳಿರುವುದು ಸುಳ್ಳಲ್ಲ. ಆದರೆ ಇದರ ಕರ್ತೃಪದಗಳೆಲ್ಲ ಸಂಸ್ಥೆಗಳು, ಸರ್ಕಾರಗಳು, ಪರವಾನಗಿದಾರರು. ಬಂಡೆಗೂ ಚಿನ್ನಕ್ಕೂ ನಡುವೆ ನಿಂತು ಕೊರೆಯುವ ಯಂತ್ರವನ್ನು ಕೈಯಲ್ಲಿ ಹಿಡಿದವನು ಈ ವಾಕ್ಯಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಅವನ ಕೂಲಿಯ ವಿಷಯ, ವಸತಿಯ ವಿಷಯ, ಮುಷ್ಕರದ ವಿಷಯ ಅಲ್ಲಲ್ಲಿ ಬಂದಿರಬಹುದು. ಆ ಯಂತ್ರವು ಅವನ ಎದೆಗೂ ಕೈಗೂ ಕಿವಿಗೂ ಬೆನ್ನಿಗೂ ಏನು ಮಾಡಿತೆಂಬ ಪ್ರಶ್ನೆಯನ್ನು ಮಾತ್ರ ವೈದ್ಯರ ಪಾಲಿಗೆ ಬಿಟ್ಟು ಇತಿಹಾಸಕಾರರು ಸುಮ್ಮನಾಗಿದ್ದಾರೆ. ಈ ವಿಭಜನೆ ಯುಕ್ತವಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ಕೋಲಾರದ ಅದಿರು ಬೆಣಚುಕಲ್ಲಿನ ಸಿರಗಳಲ್ಲಿರುವುದು. ಬೆಣಚುಕಲ್ಲೆಂದರೆ ಬಹುಮಟ್ಟಿಗೆ ಸಿಲಿಕವೇ. ಒತ್ತಿದ ಗಾಳಿಯಿಂದ ನಡೆಯುವ ಡ್ರಿಲ್ಲು ಬಂಡೆಯನ್ನು ನಿಮಿಷಕ್ಕೆ ನೂರಾರು, ಸಾವಿರಾರು ಬಾರಿ ಬಡಿದು ರಂಧ್ರ ಮಾಡುತ್ತದೆ. ಆ ರಂಧ್ರದಿಂದ ಹೊರಬೀಳುವ ಪುಡಿಯಲ್ಲಿ ಕಣ್ಣಿಗೆ ಕಾಣುವ ಭಾಗ ಅಷ್ಟೊಂದು ಅಪಾಯಕರವಲ್ಲ. ಮೂಗು ಗಂಟಲುಗಳು ಅದನ್ನು ತಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ನಾರುಗಟ್ಟುವಿಕೆಯನ್ನುಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಲ್ಲದು, ಕ್ಷಯವನ್ನು ಸುಲಭವಾಗಿ ಕರೆತರುತ್ತದೆ, ಇದನ್ನು ಗುಣಪಡಿಸುವ ಔಷಧವಿಲ್ಲ.

ಇದರೊಡನೆ ಇನ್ನೆರಡನ್ನು ಸೇರಿಸಬೇಕು. ಒಂದು, ಯಂತ್ರದ ಕಂಪನ. ಅದು ಬೆರಳುಗಳ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತದೆ. ಎರಡು, ಇಕ್ಕಟ್ಟಾದ ಸುರಂಗದಲ್ಲಿ ಯಂತ್ರದ ಸದ್ದು ಗೋಡೆಗಳಿಂದ ಮರಳಿ ಬಂದು ಕಿವಿಗೆ ಬಡಿಯುವುದು. ಇವುಗಳ ಮೇಲೆ ಶಾಖ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರುಗಳಿಗೂ ಹೆಚ್ಚು ಆಳಕ್ಕೆ ಹೋಯಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಮೇಲಿನ ಭಾರ ಹೆಚ್ಚಿದಂತೆ ಬಂಡೆಯು ಸಿಡಿಯುವ ಭಯವೂ ಹೆಚ್ಚಿತು. ಕೋಲಾರದಲ್ಲಿ ಬಂಡೆಸಿಡಿತಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಕಂಡುಬಂದಿವೆ.

ಬಂಡೆಸಿಡಿತದ ವಿಷಯದಲ್ಲಿ ಇತಿಹಾಸ ಲೇಖನವು ಮೌನವಾಗಿಲ್ಲವೆಂಬುದನ್ನು ಗಮನಿಸಬೇಕು. ಅಪಘಾತವು ಒಂದು ದಿನ, ಒಂದು ಗಳಿಗೆಯಲ್ಲಿ ನಡೆಯುತ್ತದೆ. ಅದಕ್ಕೆ ತಾರೀಖಿದೆ, ಸತ್ತವರ ಸಂಖ್ಯೆಯಿದೆ, ವಿಚಾರಣೆಯಿದೆ, ವರದಿಯಿದೆ. ಧೂಳಿಗೂ ಕಂಪನಕ್ಕೂ ತಾರೀಖಿಲ್ಲ. ಹತ್ತು ಹದಿನೈದು ವರ್ಷಗಳ ನಿತ್ಯದ ಕೆಲಸವೇ ಅಲ್ಲಿ ಘಟನೆ. ಘಟನೆಗಳನ್ನು ಹುಡುಕುವ ಅಭ್ಯಾಸವುಳ್ಳ ನಮ್ಮ ಶಾಸ್ತ್ರಕ್ಕೆ ಇದು ಸಹಜವಾಗಿಯೇ ಕಣ್ತಪ್ಪಿತು.

3

ಹಿಂದಿನವರಿಗೆ ತಿಳಿಯದಿದ್ದ ಅಪಾಯಕ್ಕೆ ಅವರನ್ನು ಹೊಣೆ ಮಾಡುವುದು ಕಾಲದೋಷವಾಗುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ತತ್ತ್ವತಃ ಈ ಆಕ್ಷೇಪ ಸರಿಯಾದದ್ದು. ಆದರೆ ಪ್ರಕೃತ ಸಂದರ್ಭಕ್ಕೆ ಇದು ಅನ್ವಯಿಸುತ್ತದೆಯೇ ಎಂಬುದನ್ನು ತಾರೀಖುಗಳಿಂದಲೇ ನಿರ್ಣಯಿಸಬೇಕು.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರ ಆರೋಗ್ಯವನ್ನು ಕುರಿತು ಹಾಲ್ಡೇನ್ ಮೊದಲಾದವರು ಸಲ್ಲಿಸಿದ ವರದಿ 1904ರಲ್ಲಿ ಪ್ರಕಟವಾಯಿತು. ಕೊರೆಯುವ ಯಂತ್ರಗಳನ್ನು ನಡೆಸಿದವರಲ್ಲಿ ಮರಣ ಅತ್ಯಧಿಕವಾಗಿರುವುದನ್ನೂ ಕಲ್ಲಿನ ಧೂಳೇ ಅದಕ್ಕೆ ಮೂಲವೆಂಬುದನ್ನೂ ಅದು ಸ್ಪಷ್ಟಪಡಿಸಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದೇ ವಿಷಯಕ್ಕೆ 1902ರಲ್ಲಿಯೇ ಆಯೋಗ ನೇಮಕವಾಗಿ, 1911ರಲ್ಲಿ ಪರಿಹಾರದ ಕಾಯಿದೆ ಬಂದಿತು. ಟೊಳ್ಳಾದ ಉಕ್ಕಿನ ಸಲಾಕೆಯೊಳಗಿಂದ ನೀರನ್ನು ಹಾಯಿಸಿ ಧೂಳನ್ನು ಹುಟ್ಟಿದೆಡೆಯಲ್ಲೇ ತೋಯಿಸುವ ಡ್ರಿಲ್ಲು ಅಮೆರಿಕದಲ್ಲಿ 1890ರ ದಶಕದಲ್ಲಿಯೇ ಸಿದ್ಧವಾಗಿತ್ತು.

ಕೋಲಾರಕ್ಕೆ ಈ ಜ್ಞಾನ ದೂರದ್ದಾಗಿರಲಿಲ್ಲ. ಜಾನ್ ಟೇಲರ್ ಸಂಸ್ಥೆಯ ಗಣಿಗಾರಿಕೆ ಬೆಳೆದದ್ದೇ ಕಾರ್ನ್‌ವಾಲಿನ ಸಂಪ್ರದಾಯದಲ್ಲಿ. ಕೋಲಾರದ ಐರೋಪ್ಯ ಮೇಲ್ವಿಚಾರಕರಲ್ಲಿ ಕಾರ್ನ್‌ವಾಲಿನವರು ಬಹುಮಂದಿ. ಹೀಗಿರಲಾಗಿ ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಅದೂ ಕೋಲಾರದ ಗಣಿಗಳಿಂದ. ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ಮಾಡಿದ್ದು 1940ರಲ್ಲಿ. ಕಾರ್ನ್‌ವಾಲಿನ ವರದಿಗೂ ಮೈಸೂರಿನ ನಿಯಮಗಳಿಗೂ ನಡುವೆ ಮೂವತ್ತಾರು ವರ್ಷಗಳು ಕಳೆದಿವೆ. ಕಾಲದೋಷದ ಆಕ್ಷೇಪ ಈ ಮೂವತ್ತಾರು ವರ್ಷಗಳನ್ನು ವಿವರಿಸಲಾರದು. ಯಂತ್ರಗಳು ಹಡಗಿನಲ್ಲಿ ಬಂದವು, ಯಂತ್ರಜ್ಞರು ಬಂದರು, ಷೇರುದಾರರಿಗೆ ಲೆಕ್ಕಪತ್ರಗಳು ಹೋದವು. ಯಂತ್ರದ ದೋಷವನ್ನು ಕುರಿತ ಅರಿವು ಮಾತ್ರ ಏಕೆ ತಡವಾಯಿತೆಂಬುದು ಶುದ್ಧವಾದ ಐತಿಹಾಸಿಕ ಪ್ರಶ್ನೆಯೇ ಹೊರತು ವೈದ್ಯಕೀಯ ಪ್ರಶ್ನೆಯಲ್ಲ.

1940ರಿಂದ 1946ರವರೆಗೆ ನಡೆದ ಪರೀಕ್ಷೆಯ ಫಲಿತಾಂಶಗಳನ್ನು ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು 1947ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ 7,653 ಮಂದಿಯಲ್ಲಿ ಶೇಕಡಾ 43.7ರಷ್ಟು ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಭಾರತದ ಔದ್ಯೋಗಿಕ ರೋಗಗಳ ಸಾಹಿತ್ಯದಲ್ಲಿ ಈ ಅಂಕಿ ಇಂದಿಗೂ ಉದ್ಧೃತವಾಗುತ್ತಿದೆ. ಆದರೆ ಇಂಥ ಅಂಕಿಯನ್ನು ಇತಿಹಾಸಕಾರನು ಓದುವ ರೀತಿ ಬೇರೆಯಾಗಬೇಕು. ಕೆಲಸದಲ್ಲಿರುವವರನ್ನು ಎಣಿಸುವ ಯಾವ ಗಣನೆಯಾದರೂ ಕೆಲಸ ಮಾಡಲಾರದೆ ಹೋದವರನ್ನು ಬಿಟ್ಟಿರುತ್ತದೆ. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದವನು ಉಸಿರು ಸಾಲದೆ ಊರಿಗೆ ಮರಳಿದರೆ ಅವನ ಹೆಸರು ಗಣಿಯ ಪುಸ್ತಕದಿಂದ ಹೊರಗಾಗುತ್ತದೆ. ಅವನ ಮರಣ ಹಳ್ಳಿಯ ಲೆಕ್ಕದಲ್ಲಿ ಕ್ಷಯವೆಂದೋ ಕೆಮ್ಮೆಂದೋ ಸೇರುತ್ತದೆ. ಆದಕಾರಣ ಈ ಅಂಕಿಯನ್ನು ಗಣಿಯು ಮಾಡಿದ ಹಾನಿಯ ಪೂರ್ಣ ಮೊತ್ತವೆಂದು ಭಾವಿಸಲಾಗದು.

ಆಡಳಿತವು ಏನನ್ನೂ ಮಾಡಲಿಲ್ಲವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ನೀರು ಹಾಯಿಸಿ ಕೊರೆಯುವ ಪದ್ಧತಿ ಬಂದಿತು, ಗಾಳಿಯ ಸಂಚಾರ ಸುಧಾರಿಸಿತು, ಆಳದ ಗಣಿಗಳಿಗೆ ತಂಪುಗೊಳಿಸಿದ ಗಾಳಿಯನ್ನು ಇಳಿಸುವ ಏರ್ಪಾಡೂ ಆಯಿತು. 1952ರ ಗಣಿ ಕಾಯಿದೆಯೂ 1961ರ ಲೋಹಗಣಿ ನಿಯಮಾವಳಿಯೂ ಧೂಳಿನ ನಿಯಂತ್ರಣವನ್ನು ಕಡ್ಡಾಯವಾಗಿಸಿದವು. ಈ ಸುಧಾರಣೆಗಳು ಯಾವ ಒತ್ತಡದಿಂದ, ಯಾವ ಕ್ರಮದಲ್ಲಿ, ಯಾರಿಗೆ ಮೊದಲು ಯಾರಿಗೆ ಆಮೇಲೆ ತಲಪಿದವೆಂಬುದೇ ಬರೆಯಬೇಕಾದ ಇತಿಹಾಸ.

4

ಕಾರ್ಮಿಕ ಚಳವಳಿಯ ಇತಿಹಾಸವು ಮೇಲೆ ಹೇಳಿದ ಉತ್ಪಾದನೆಯ ಇತಿಹಾಸಕ್ಕಿಂತ ಬಹಳ ಮುಂದೆ ಹೋಗಿದೆ. ಜಾನಕಿ ನಾಯರ್ ಅವರು ಕೋಲಾರದ ಗಣಿ ಕಾರ್ಮಿಕರನ್ನೂ ಬೆಂಗಳೂರಿನ ಗಿರಣಿ ಕಾರ್ಮಿಕರನ್ನೂ ಕುರಿತು ಬರೆದು 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಎಂಬ ಗ್ರಂಥ ಇದಕ್ಕೆ ನಿದರ್ಶನ. ಕೆಲಸ, ಸಂಸ್ಕೃತಿ, ರಾಜಕಾರಣ ಈ ಮೂರನ್ನೂ ಒಟ್ಟಾಗಿ ನೋಡಿದ ಆ ಗ್ರಂಥವಿಲ್ಲದೆ ಇಂದು ಮೈಸೂರಿನ ಕಾರ್ಮಿಕರ ಇತಿಹಾಸವನ್ನು ಬೋಧಿಸಲಾಗದು. ನಮ್ಮ ವಿಮರ್ಶೆ ಅದರ ಮೇಲಲ್ಲ; ಅದನ್ನು ಓದಿಯೂ ನಮ್ಮ ಬೋಧನೆ ಮುಷ್ಕರಗಳ ಪಟ್ಟಿಯಲ್ಲಿಯೇ ನಿಂತಿರುವುದರ ಮೇಲೆ.

ಒಂದು ಉದಾಹರಣೆಯನ್ನು ನೋಡೋಣ. 1930ರಲ್ಲಿ ಕೋಲಾರದ ಕಾರ್ಮಿಕರು ಬೆರಳಚ್ಚು ತೆಗೆದುಕೊಂಡು ನೋಂದಾಯಿಸುವ ಕ್ರಮದ ವಿರುದ್ಧ ಮುಷ್ಕರ ಹೂಡಿದರು. ಇದನ್ನು ನಾವು ಕಾರ್ಮಿಕ ಪ್ರಜ್ಞೆಯ ಉದಯವೆಂದು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಆಡಳಿತಕ್ಕೆ ಕಾರ್ಮಿಕನ ಬೆರಳು ಯಾವುದಕ್ಕೆ ಬೇಕಾಗಿತ್ತೆಂಬುದನ್ನೂ ಕೇಳಬೇಕು. ಚಿನ್ನದ ಕಳವನ್ನು ತಡೆಯಲು, ಓಡಿಹೋದವನನ್ನು ಗುರುತಿಸಲು ಅದು ಬೇಕಾಗಿತ್ತು. ಅದೇ ಬೆರಳು ಯಂತ್ರದ ಕಂಪನದಿಂದ ಜೋಮು ಹಿಡಿಯುವುದನ್ನು ದಾಖಲಿಸುವ ಪುಸ್ತಕವನ್ನು ಯಾರೂ ಇಡಬೇಕೆಂದುಕೊಳ್ಳಲಿಲ್ಲ. ಅಮೆರಿಕದ ಇಂಡಿಯಾನ ಪ್ರಾಂತದ ಕಲ್ಲುಕುಟಿಗರಲ್ಲಿ ಈ ವ್ಯಾಧಿಯನ್ನು ಆಲಿಸ್ ಹ್ಯಾಮಿಲ್ಟನ್ 1918ರಲ್ಲಿಯೇ ವಿವರಿಸಿದ್ದರು. ಅಲ್ಲಿ ಚಳಿಗೆ ಬೆರಳುಗಳು ಬೆಳ್ಳಗಾಗುತ್ತಿದ್ದುದರಿಂದ ಅದು ಕಣ್ಣಿಗೆ ಬಿದ್ದಿತು. ನಮ್ಮಂಥ ಬಿಸಿಲಿನ ನಾಡಿನಲ್ಲಿ, ಅದರಲ್ಲಿಯೂ ಕುದಿಯುವ ಸುರಂಗದಲ್ಲಿ, ಬೆರಳು ಬೆಳ್ಳಗಾಗುವುದು ವಿರಳ. ಆದರೆ ನರಗಳ ಹಾನಿ ತಪ್ಪುವುದಿಲ್ಲ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಈ ಭೇದವನ್ನು ಆಕರಗಳೊಡನೆ ವ್ಯವಹರಿಸುವ ನಮಗೆ ಬೇರೆಯವರು ಬೋಧಿಸಬೇಕಾಗಿಲ್ಲ.

ಇಂದಿನ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಇನ್ನೊಂದು ಚಿತ್ರವೂ ನೆಲೆಸಿದೆ. 2018ರಲ್ಲಿ ಬಂದ ‘ಕೆ.ಜಿ.ಎಫ್.’ ಚಲನಚಿತ್ರದಲ್ಲಿ ಬಂದೂಕಿನ ಕಾವಲಿನಲ್ಲಿ ಜೀತದಾಳುಗಳು ದುಡಿಯುತ್ತಾರೆ. ಅದು ಕಲ್ಪನೆಯ ಕಥೆ. ಅದನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚುವುದು ಸಲ್ಲದು. ಆದರೂ ತರಗತಿಯಲ್ಲಿ ಒಂದು ಮಾತನ್ನು ಹೇಳಲೇಬೇಕು. ನಿಜವಾದ ಕೋಲಾರದಲ್ಲಿ ಸಂಬಳವಿತ್ತು, ಆಸ್ಪತ್ರೆಯಿತ್ತು, ನಿಯಮಗಳಿದ್ದವು. ಹಾನಿ ಬಂದದ್ದು ಯಾವ ಖಳನ ಕೈಯಿಂದಲೂ ಅಲ್ಲ, ಕ್ರಮಬದ್ಧವಾಗಿ ನಡೆದ ನಿತ್ಯದ ಕೆಲಸದಿಂದ. ಖಳನನ್ನು ಹುಡುಕುವ ಕಣ್ಣಿಗೆ ಇಂಥ ಹಾನಿ ಕಾಣುವುದು ಕಷ್ಟ.

5

ಗಣಿಗಳು ಮುಚ್ಚಿರುವಾಗ ಈ ಚರ್ಚೆಯಿಂದ ಪ್ರಯೋಜನವೇನೆಂದು ಕೇಳಬಹುದು. ಕೋಲಾರದ ಗಣಿ ಮುಚ್ಚಿತು; ಗಣಿ ಯಂತ್ರ ನಡೆಸುವ ಉದ್ಯೋಗ ಮುಚ್ಚಲಿಲ್ಲ. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ದೊಡ್ಡ ಕಾರ್ಖಾನೆಯೊಂದು ಕೆ.ಜಿ.ಎಫ್.ನಲ್ಲಿಯೇ ಇದ್ದು, ಬುಲ್‌ಡೋಜರು ಮೊದಲಾದ ಮಣ್ಣೆತ್ತುವ ಯಂತ್ರಗಳನ್ನು ತಯಾರಿಸುತ್ತದೆ. ನಾಗರಬಾವಿಗೆ ಅನತಿದೂರದ ಬಸವೇಶ್ವರನಗರದಲ್ಲಿಯೂ ರಾಜರಾಜೇಶ್ವರಿನಗರದಲ್ಲಿಯೂ ಆ ಸಂಸ್ಥೆಯ ಹೆಸರಿನ ಬಡಾವಣೆಗಳಿವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ನಡೆಯುತ್ತಿದೆ. ಬಳ್ಳಾರಿ, ಸಂಡೂರು ಕಡೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ.

ತೆರೆದ ಗಣಿಯಲ್ಲಿ ಡಂಪರು ನಡೆಸುವವನು ನೆರಳಿನಲ್ಲಿ, ಕುರ್ಚಿಯ ಮೇಲೆ ಕುಳಿತಿರುತ್ತಾನೆ. ಡ್ರಿಲ್ಲು ಹಿಡಿದವನಿಗಿಂತ ಸುಖಿಯೆಂದು ನೋಡಿದವರಿಗೆ ತೋರುತ್ತದೆ. ಆದರೆ ಹದಗೆಟ್ಟ ಗಣಿರಸ್ತೆಯ ಕುಲುಕಾಟ ಕುರ್ಚಿಯ ಮೂಲಕ ಬೆನ್ನೆಲುಬಿಗೆ ಏರುತ್ತದೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಮೇಲೆ ಕೆಳಗೆ ಆಡುವ ಕಂಪನಕ್ಕೆ ಕುಳಿತ ದೇಹವು ವಿಶೇಷವಾಗಿ ಒಳಗಾಗುತ್ತದೆ. ಹಿಂದಕ್ಕೆ ಓಡಿಸುವಾಗ ಕತ್ತನ್ನು ತಿರುಗಿಸಿಕೊಂಡಿರಬೇಕು. ಕುರ್ಚಿಯ ಎತ್ತರ, ಸನ್ನೆಗೋಲುಗಳ ದೂರ ಚಾಲಕನ ಮೈಯಳತೆಗೆ ಒಗ್ಗದಿದ್ದರೆ ಭುಜವೂ ಸೊಂಟವೂ ನೋಯುತ್ತವೆ. ಕೆಲಸವನ್ನು ದೇಹಕ್ಕೆ ಹೊಂದಿಸುವ ಈ ವಿಚಾರಕ್ಕೆ ಎರ್ಗನಾಮಿಕ್ಸ್ ಎಂದು ಹೆಸರು. ಐರೋಪ್ಯ ಒಕ್ಕೂಟ 2002ರಲ್ಲಿಯೇ ಇಡೀ ದೇಹಕ್ಕೆ ತಗಲುವ ಕಂಪನಕ್ಕೆ ಶಾಸನಬದ್ಧ ಮಿತಿಯನ್ನು ಗೊತ್ತುಪಡಿಸಿತು. ಎಂಟು ಗಂಟೆಗಳ ದುಡಿಮೆಗೆ ಚದರ ಸೆಕೆಂಡಿಗೆ 0.5 ಮೀಟರು ಮುಟ್ಟಿದರೆ ಉಪಾಯ ಮಾಡಬೇಕು, 1.15 ಮೀಟರನ್ನು ಮೀರಕೂಡದು ಎಂಬುದು ಅಲ್ಲಿನ ನಿಯಮ.

ಸಿಲಿಕೋಸಿಸ್‌ನ ಇತಿಹಾಸ ಇಲ್ಲಿ ನೆರವಿಗೆ ಬರುತ್ತದೆ. ಬೆನ್ನುನೋವಿಗೂ ತಾರೀಖಿಲ್ಲ. ಅದನ್ನು ವಯಸ್ಸಿನ ದೋಷವೆಂದೋ ಮೈಗಳ್ಳತನವೆಂದೋ ತಳ್ಳಿಹಾಕುವುದು ಸುಲಭ, ಒಂದು ಕಾಲದಲ್ಲಿ ಗಣಿಗಾರನ ಕೆಮ್ಮನ್ನು ಕ್ಷಯವೆಂದು ತಳ್ಳಿಹಾಕಿದಂತೆಯೇ. ಅರಿವು ಇರುವುದು ಒಂದು, ಅದು ಯಂತ್ರದ ಮೇಲೆ ಕುಳಿತವನಿಗೆ ತಲಪುವುದು ಇನ್ನೊಂದು. ಇವೆರಡರ ನಡುವಿನ ಕಾಲವನ್ನು ಅಳೆಯುವುದು ಇತಿಹಾಸಕಾರನ ಕೆಲಸವೇ ಆಗಿದೆ.

6

ಕೊನೆಯದಾಗಿ, ಆಕರಗಳ ವಿಷಯದಲ್ಲಿ ಎರಡು ಮಾತು. ಮುಚ್ಚಿದ ಗಣಿಯ ಕಾಗದಪತ್ರಗಳಲ್ಲಿ ಚಿನ್ನದ ಲೆಕ್ಕಕ್ಕೆ ರಕ್ಷಕರು ಸಿಗುತ್ತಾರೆ. ವೈದ್ಯಪರೀಕ್ಷೆಯ ಚೀಟಿ, ಎಕ್ಸ್‌ರೇ ಹಾಳೆ, ಪಾಳಿಯ ಪುಸ್ತಕ, ಪರಿಹಾರದ ಅರ್ಜಿ ಇವುಗಳಿಗೆ ಸುಲಭವಾಗಿ ಸಿಗುವುದಿಲ್ಲ. ಮಾಜಿ ಕಾರ್ಮಿಕನು ತನ್ನ ರೋಗ ಗಣಿಯಿಂದ ಬಂದುದೆಂದು ಸ್ಥಾಪಿಸಬೇಕಾದಾಗ ಈ ಹಾಳೆಗಳೇ ಅವನ ಸಾಕ್ಷಿ. ಆದ್ದರಿಂದ ಇವುಗಳ ರಕ್ಷಣೆ ಪಾಂಡಿತ್ಯದ ಪ್ರಶ್ನೆ ಮಾತ್ರವಲ್ಲ, ನ್ಯಾಯದ ಪ್ರಶ್ನೆ. ಗಣಿಗಳು ಮುಚ್ಚುವಾಗ ಇಪ್ಪತ್ತೈದು ಮೂವತ್ತು ವರ್ಷದವರಾಗಿದ್ದವರು ಇಂದು ಐವತ್ತನ್ನು ದಾಟಿದ್ದಾರೆ. ಅವರಿಗಿಂತ ಹಿರಿಯರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ. ಅವರಲ್ಲಿ ಬಹುಮಂದಿಯ ಮಾತು ತಮಿಳು, ಉಳಿದವರದು ತೆಲುಗು, ಕನ್ನಡ. ಕನ್ನಡನಾಡಿನ ಇತಿಹಾಸವನ್ನು ಬರೆಯುವವರು ಈ ಮಾತುಗಳನ್ನು ಕೇಳಲು ಬೇಕಾದ ಭಾಷೆಗಳನ್ನು ಕಲಿಯಬೇಕು.

ನಾಗರಬಾವಿಯ ಆಸುಪಾಸಿನಲ್ಲಿ ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವೂ, ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯೂ, ರಾಷ್ಟ್ರೀಯ ಕಾನೂನು ಶಾಲೆಯೂ ಒಂದಕ್ಕೊಂದು ಸಮೀಪದಲ್ಲಿವೆ. ಇತಿಹಾಸ, ಅರ್ಥಶಾಸ್ತ್ರ, ನ್ಯಾಯಶಾಸ್ತ್ರ ಮೂರೂ ಕೂಡಿ ಎತ್ತಿಕೊಳ್ಳಬೇಕಾದ ಈ ವಿಷಯಕ್ಕೆ ಇದಕ್ಕಿಂತ ಅನುಕೂಲವಾದ ನೆಲೆ ದುರ್ಲಭ. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಮುಂದಿನ ವರ್ಷ ತಮ್ಮ ಪ್ರಬಂಧಕ್ಕೆ ಗಣಿಯ ಉತ್ಪಾದನೆಯ ಬದಲು ಗಣಿಯ ಒಂದು ಪಾಳಿಯನ್ನು, ಆ ಪಾಳಿಯ ಒಂದು ಯಂತ್ರವನ್ನು, ಆ ಯಂತ್ರವನ್ನು ನಡೆಸಿದವರನ್ನು ವಿಷಯವಾಗಿ ಆರಿಸಿಕೊಂಡರೆ ಈ ವಿಮರ್ಶೆಯ ಉದ್ದೇಶ ನೆರವೇರಿದಂತಾಗುವುದು.